ಬಿ.ಸಿ.ಜಿ. ಲಸಿಕೆಯ ಜನಕ ಡಾ. ಆಲ್ಬರ್ಟ್ ಕ್ಯಾಲ್ಮೆಟ್ (1863–1933)

ಡಾ. ಆಲ್ಬರ್ಟ್ ಕ್ಯಾಲ್ಮೆಟ್ ಅವರು 1863ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಜನಿಸಿದರು. 1890ರ ದಶಕದಲ್ಲಿ ಇವರು, ಹಾವಿನ ವಿಷವನ್ನು ಅಲ್ಪ ಪ್ರಮಾಣದಲ್ಲಿ ಚುಚ್ಚಿದ ಪ್ರಾಣಿಗಳ ರಕ್ತದಲ್ಲಿ ಉತ್ಪತ್ತಿಯಾಗುವ ಪ್ರತಿಕಾಯಗಳಿಂದ ವಿಷನಿರೋಧಕ ಸೀರಂ ಸಿದ್ಧಪಡಿಸಿದರು.

ಕ್ಷಯರೋಗಕ್ಕೆ ಈ ಮಾರ್ಗ ಸಾಲದಾಯಿತು. ಕ್ಷಯದ ರೋಗಾಣುಗಳು ಜೀವಕೋಶಗಳ ಒಳಗೇ ಅಡಗಿ ಬೆಳೆಯುವುದರಿಂದ ಪ್ರತಿಕಾಯಗಳು ಅವುಗಳನ್ನು ಸುಲಭವಾಗಿ ತಲುಪಲಾರವು. ರಕ್ಷಣೆಯ ಮುಖ್ಯ ಹೊಣೆ ಬಿಳಿ ರಕ್ತಕಣಗಳದ್ದಾಗಿದೆ. ಪ್ರತಿಕಾಯಗಳ ಪಾತ್ರದ ಕುರಿತು ಇಂದಿಗೂ ಸಂಶೋಧನೆ ನಡೆದಿದೆ.

ಆದುದರಿಂದ ಡಾ. ಕ್ಯಾಲ್ಮೆಟ್ ಅವರು ಪಶುವೈದ್ಯ ಕ್ಯಾಮಿಲ್ ಗೆರಿನ್ ಅವರೊಡನೆ ಲಿಲ್ ನಗರದಲ್ಲಿ, ದನಗಳ ಕ್ಷಯರೋಗಾಣುವನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ 13 ವರ್ಷಗಳಲ್ಲಿ 230 ಬಾರಿ ಬೆಳೆಸಿ ದುರ್ಬಲಗೊಳಿಸಿದರು. 1921ರಲ್ಲಿ ಪ್ಯಾರಿಸ್‌ನಲ್ಲಿ, ಕ್ಷಯದಿಂದ ತಾಯಿಯನ್ನು ಕಳೆದುಕೊಂಡ ಶಿಶುವಿಗೆ ಈ ಲಸಿಕೆಯನ್ನು ಮೊದಲು ನೀಡಲಾಯಿತು.

1930ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಲಸಿಕೆ ಪಡೆದ 70ಕ್ಕೂ ಹೆಚ್ಚು ಶಿಶುಗಳು ಮೃತಪಟ್ಟವು. ಅಲ್ಲಿನ ಪ್ರಯೋಗಾಲಯದಲ್ಲಿ ಲಸಿಕೆಗೆ ಪ್ರಬಲ ರೋಗಾಣು ಬೆರೆತದ್ದೇ ಕಾರಣ, ಲಸಿಕೆಯಲ್ಲಿ ದೋಷವಿರಲಿಲ್ಲವೆಂದು ವಿಚಾರಣೆಯಲ್ಲಿ ದೃಢಪಟ್ಟಿತು. ಆದರೂ ಆ ದುರಂತದ ನೋವು ಅವರನ್ನು ಬಹುವಾಗಿ ಬಾಧಿಸಿತು. 1933ರಲ್ಲಿ ಅವರು ನಿಧನ ಹೊಂದಿದರು.

ಶಿಶುಗಳನ್ನು ಮೆದುಳಿನ ಪೊರೆಯ ಕ್ಷಯದಂತಹ ತೀವ್ರ ಸ್ವರೂಪದ ಕಾಯಿಲೆಯಿಂದ ಕಾಪಾಡುವ ಈ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಜನನದ ಸಮಯದಲ್ಲಿ ಉಚಿತವಾಗಿ ನೀಡಲಾಗುತ್ತದೆ. ಆಗ ತಪ್ಪಿದಲ್ಲಿ, ಒಂದು ವರ್ಷ ತುಂಬುವುದರೊಳಗೆ ಪೋಷಕರು ಮಗುವಿಗೆ ತಪ್ಪದೇ ಹಾಕಿಸತಕ್ಕದ್ದು.