ಹಿಯರಿಂಗ್ ಏಡ್ ಹಾಕಿದರೆ ಇದ್ದ ಕಿವಿಯೂ ಹೋಗುತ್ತಾ? ಬೀಥೋವನ್ ಕೂಡ ಹಾಗೇ ನಂಬಿದ್ದರು

ಬೀಥೋವನ್ ಹುಟ್ಟಿನಿಂದಲೇ ಕಿವುಡರಾಗಿದ್ದರು, ಆದರೂ ಜಗತ್ತಿನ ಶ್ರೇಷ್ಠ ಸಂಗೀತ ರಚಿಸಿದರು, ಹಾಗಾಗಿ ಯಾವ ಕೊರತೆಯೂ ಕೊರತೆಯಲ್ಲ. ಇಂಥ ಒಂದು ಫಾರ್ವರ್ಡ್ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದೇ ಗ್ರೂಪಿನಲ್ಲಿ ಇನ್ನೊಂದು ಸಲಹೆಯೂ ಓಡಾಡುತ್ತಿರುತ್ತದೆ: ಕಿವಿ ಮಂದವಾದರೆ ಬೆಳ್ಳುಳ್ಳಿ ಎಣ್ಣೆ ಬಿಡಿ, ಮಷೀನ್ ಮಾತ್ರ ಹಾಕಬೇಡಿ, ಹಾಕಿದರೆ ಇದ್ದ ಕಿವಿಯೂ ಹೋಗುತ್ತದೆ.

ಮೊದಲನೆಯದು ಸುಳ್ಳು. ಬೀಥೋವನ್‌ಗೆ ಇಪ್ಪತ್ತೇಳು, ಇಪ್ಪತ್ತೆಂಟು ವರ್ಷದವರೆಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಎರಡನೆಯದೂ ಸುಳ್ಳೇ. ಆದರೆ ಆ ಮಾತನ್ನು ಸ್ವತಃ ಬೀಥೋವನ್ ನಂಬಿದ್ದರು, ಇನ್ನೊಬ್ಬರಿಗೆ ಬರೆದೂ ಕೊಟ್ಟಿದ್ದರು. ಅವರ ಬದುಕನ್ನು ಕಿವಿಯ ಕಡೆಯಿಂದ ನೋಡಿದರೆ, ಇವತ್ತು ನಮ್ಮ ಮನೆಗಳಲ್ಲಿ ನಡೆಯುವ ಎಷ್ಟೋ ತಪ್ಪುಗಳು ಅಲ್ಲೇ ಕಾಣುತ್ತವೆ.

ಮೊದಲು ಕೈಬಿಟ್ಟದ್ದು ತಾರಸ್ವರ

ಲುಡ್ವಿಗ್ ಫಾನ್ ಬೀಥೋವನ್ ಜರ್ಮನಿಯ ಬಾನ್ ನಗರದವರು. 1770ರ ಡಿಸೆಂಬರ್ 17ರಂದು ಅವರಿಗೆ ಚರ್ಚಿನಲ್ಲಿ ನಾಮಕರಣವಾಯಿತು. ಅಜ್ಜ, ಅಪ್ಪ ಇಬ್ಬರೂ ಆಸ್ಥಾನದ ಗಾಯಕರು. 1792ರಲ್ಲಿ ವಿಯೆನ್ನಾಗೆ ಬಂದ ಬೀಥೋವನ್ ಕೆಲವೇ ವರ್ಷಗಳಲ್ಲಿ ಪಿಯಾನೋ ವಾದಕರಾಗಿ ಮನೆಮಾತಾದರು. ಯಾರೋ ಕೊಟ್ಟ ಸಣ್ಣ ಧಾಟಿಯನ್ನು ಹಿಡಿದು ನಿಂತ ನಿಲುವಿನಲ್ಲೇ ಬೆಳೆಸುತ್ತಾ ಹೋಗುವುದರಲ್ಲಿ ಅವರನ್ನು ಸರಿಗಟ್ಟುವವರು ಊರಲ್ಲಿ ವಿರಳ.

1798ರ ಸುಮಾರಿಗೆ ಕಿವಿಯಲ್ಲಿ ತೊಂದರೆ ಶುರುವಾಯಿತು. 1801ರ ಜೂನ್‌ನಲ್ಲಿ ಬಾಲ್ಯದ ಗೆಳೆಯ, ವೈದ್ಯ ಫ್ರಾಂಟ್ಸ್ ವೆಗೆಲರ್‌ಗೆ ಬರೆದ ಪತ್ರದಲ್ಲಿ ಅವರು ತಮ್ಮ ಲಕ್ಷಣಗಳನ್ನು ಬಿಡಿಸಿ ಹೇಳಿದ್ದಾರೆ. ಹಗಲೂ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಸ್ವಲ್ಪ ದೂರ ಹೋದರೆ ವಾದ್ಯಗಳ, ಗಾಯಕರ ತಾರಸ್ವರಗಳು ಕೇಳುವುದಿಲ್ಲ. ಮೆಲ್ಲಗೆ ಮಾತಾಡಿದರೆ ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ಯಾರಾದರೂ ಕೂಗಿದರಂತೂ ಸಹಿಸಲಾಗುವುದಿಲ್ಲ.

ಇವತ್ತು ಯಾವ ಆಡಿಯಾಲಜಿಸ್ಟ್ ಈ ಪಟ್ಟಿ ಓದಿದರೂ ಒಳಕಿವಿಯ ಅಥವಾ ಶ್ರವಣ ನರದ ತೊಂದರೆಯನ್ನು ಶಂಕಿಸುತ್ತಾರೆ. ಒಳಕಿವಿಯಲ್ಲಿ ಕಾಕ್ಲಿಯಾ ಎಂಬ ಬಸವನಹುಳುವಿನ ಚಿಪ್ಪಿನಂಥ ಭಾಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಸದ್ದನ್ನು ನರದ ಸಂಕೇತವಾಗಿ ಬದಲಿಸುತ್ತವೆ. ತಾರಸ್ವರಕ್ಕೆ ಮೀಸಲಾದ ಕೋಶಗಳು ಸಾಮಾನ್ಯವಾಗಿ ಮೊದಲು ಹಾಳಾಗುತ್ತವೆ. ಮಾತಿನಲ್ಲಿ ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಈ ಎತ್ತರದ ಭಾಗದಲ್ಲಿ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರಿಹೋಗುತ್ತವೆ. ‘ಸಾಲ’ ಎಂದರೆ ‘ಕಾಲ’ ಎಂದೋ ‘ತಾಳ’ ಎಂದೋ ಕೇಳುತ್ತದೆ.

ನಮ್ಮ ಮನೆಗಳಲ್ಲಿ ಹಿರಿಯರ ಬಗ್ಗೆ ಒಂದು ತಮಾಷೆ ಇದೆಯಲ್ಲ, ಅಪ್ಪನಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ ಅಂತ? ಅದರ ಹಿಂದೆ ಇರುವುದು ಎಷ್ಟೋ ಸಲ ಇದೇ ಕಾರಣ. ಅವರು ಕೇಳಿಸಿಕೊಳ್ಳದೆ ಇರುವುದಲ್ಲ, ಅರ್ಧ ಮಾತ್ರ ಕೇಳಿಸುತ್ತಿರುವುದು.

ಬಾದಾಮಿ ಎಣ್ಣೆ, ತಣ್ಣೀರು, ತೊಗಟೆ

ಬೀಥೋವನ್ ಮಾಡಿಸದ ಚಿಕಿತ್ಸೆ ಇಲ್ಲ. ಒಬ್ಬ ವೈದ್ಯರು ಕಿವಿಗೆ ಬಾದಾಮಿ ಎಣ್ಣೆ ಬಿಟ್ಟರು. ಇನ್ನೊಬ್ಬರು ತಣ್ಣೀರ ಸ್ನಾನ ಹೇಳಿದರು. ಮತ್ತೊಬ್ಬರು ಡ್ಯಾನ್ಯೂಬ್ ನದಿಯ ಉಗುರುಬೆಚ್ಚನೆಯ ನೀರಿನ ಸ್ನಾನ ಸೂಚಿಸಿದರು. ಆಮೇಲೆ ಎರಡೂ ತೋಳಿಗೆ ಒಂದು ಗಿಡದ ತೊಗಟೆ ಕಟ್ಟಿ ಬೊಬ್ಬೆ ಬರಿಸುವ ಚಿಕಿತ್ಸೆ. ಹೊಟ್ಟೆನೋವು ಆಗಾಗ ತಗ್ಗಿತು. ಕಿವಿ ಮಾತ್ರ ಸರಿಹೋಗಲಿಲ್ಲ.

ಕಾರಣ ಸರಳ. ಎಣ್ಣೆ ಹೊರಕಿವಿಯ ಕೊಳವೆಯಲ್ಲೇ ಉಳಿಯುತ್ತದೆ, ತಮಟೆ ದಾಟಿ ಒಳಗೆ ಹೋಗುವುದಿಲ್ಲ. ತೊಂದರೆ ಇರುವುದು ಒಳಕಿವಿಯಲ್ಲಿ. ಬಾದಾಮಿ ಎಣ್ಣೆಯಾಗಲಿ ಬೆಳ್ಳುಳ್ಳಿ ಎಣ್ಣೆಯಾಗಲಿ ಸತ್ತ ರೋಮಕೋಶವನ್ನು ಬದುಕಿಸದು, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದೂ ಇಲ್ಲ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ಬಿಡುವುದರಿಂದ ಸೋಂಕಾಗಬಹುದು. ಗಟ್ಟಿಯಾದ ಗುಗ್ಗೆಯನ್ನು ಮೆತ್ತಗಾಗಿಸಲು ವೈದ್ಯರು ಹನಿ ಔಷಧಿ ಕೊಡುತ್ತಾರೆ, ನಿಜ. ಅದು ಬೇರೆ ತೊಂದರೆ, ಬೇರೆ ಚಿಕಿತ್ಸೆ. ಯಾವುದು ಯಾವುದೆಂದು ಕಿವಿಯೊಳಗೆ ನೋಡಿದ ಮೇಲೆ ತಾನೇ ಗೊತ್ತಾಗುವುದು?

ಮುಚ್ಚಿಟ್ಟ ವರ್ಷಗಳು

ವೆಗೆಲರ್‌ಗೆ ಎಲ್ಲ ಬರೆದ ಬೀಥೋವನ್, ಇದನ್ನು ಯಾರಿಗೂ ಹೇಳಬೇಡ ಎಂದು ಕೇಳಿಕೊಂಡರು. ಇನ್ನೊಬ್ಬ ಗೆಳೆಯ ಅಮೆಂಡಾಗೂ ಅದೇ ಕೋರಿಕೆ. ಸಂಗೀತಗಾರನಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿದರೆ ಹೊಟ್ಟೆಪಾಡಿನ ಗತಿಯೇನು, ಎದುರಾಳಿಗಳು ಏನೆಂದಾರು ಎಂಬ ಭಯ. ಎರಡು ವರ್ಷದಿಂದ ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಹೋದ ಕಡೆ ಮಾತು ತಿಳಿಯದಿದ್ದಾಗ, ಇವರು ಯಾವಾಗಲೂ ಏನೋ ಯೋಚನೆಯಲ್ಲಿರುತ್ತಾರೆ ಎಂದು ಜನರೇ ಅಂದುಕೊಳ್ಳುತ್ತಿದ್ದರು. ಬೀಥೋವನ್ ಅದನ್ನು ತಿದ್ದಲಿಲ್ಲ.

1802ರಲ್ಲಿ ಕಿವಿಗೆ ವಿಶ್ರಾಂತಿ ಸಿಗಲೆಂದು ವೈದ್ಯರು ವಿಯೆನ್ನಾದ ಹೊರಗಿನ ಹೈಲಿಗೆನ್‌ಷ್ಟಾಟ್ ಎಂಬ ಹಳ್ಳಿಗೆ ಕಳಿಸಿದರು. ಅಲ್ಲಿ ಪಕ್ಕದಲ್ಲಿದ್ದವರಿಗೆ ದೂರದ ಕೊಳಲು ಕೇಳಿತು, ಕುರುಬನ ಹಾಡು ಕೇಳಿತು. ಇವರಿಗೆ ಏನೂ ಕೇಳಲಿಲ್ಲ. ಆ ಅಕ್ಟೋಬರ್‌ನಲ್ಲಿ ತಮ್ಮಂದಿರಿಗೆ ಒಂದು ಪತ್ರ ಬರೆದರು. ಜನರನ್ನು ದೂರವಿಟ್ಟದ್ದು ಸೊಕ್ಕಿನಿಂದಲ್ಲ, ಜೋರಾಗಿ ಹೇಳಿ ಎಂದು ಕೇಳಲು ನಾಚಿಕೆಯಿಂದ ಎಂದು ಅದರಲ್ಲಿ ಒಪ್ಪಿಕೊಂಡರು. ಬದುಕು ಮುಗಿಸುವ ಯೋಚನೆ ಬಂದಿತ್ತು, ಕಲೆ ತಡೆಯಿತು ಎಂದೂ ಬರೆದರು. ಆಗ ಅವರಿಗೆ 31 ವರ್ಷ. ಆ ಪತ್ರವನ್ನು ಅವರು ಕಳಿಸಲೇ ಇಲ್ಲ. 1827ರಲ್ಲಿ ಅವರು ತೀರಿಕೊಂಡ ಮೇಲೆ ಕಾಗದಪತ್ರಗಳ ನಡುವೆ ಸಿಕ್ಕಿತು.

ಕಿವಿ ಕೇಳದಿರುವುದು ಅವರ ಸಂಗೀತವನ್ನು ನಿಲ್ಲಿಸಲಿಲ್ಲ. ಅದು ಮೊದಲು ಕಿತ್ತುಕೊಂಡದ್ದು ಜನರ ಒಡನಾಟವನ್ನು.

ಫಿರಂಗಿ, ದಿಂಬು, ಪಿಯಾನೋ

1809ರ ಮೇ ತಿಂಗಳಲ್ಲಿ ನೆಪೋಲಿಯನ್ ಸೇನೆ ವಿಯೆನ್ನಾ ಮೇಲೆ ಫಿರಂಗಿ ದಾಳಿ ಮಾಡಿತು. ಬೀಥೋವನ್ ತಮ್ಮನ ಮನೆಯ ನೆಲಮಾಳಿಗೆಯಲ್ಲಿ ದಿಂಬುಗಳಿಂದ ತಲೆ ಮುಚ್ಚಿಕೊಂಡು ಕೂತಿದ್ದರೆಂದು ಅವರ ಶಿಷ್ಯ ಫರ್ಡಿನಾಂಡ್ ರೀಸ್ ಬರೆದಿಟ್ಟಿದ್ದಾರೆ. ಕಿವಿ ಮಂದವಾದವರಿಗೆ ಜೋರು ಸದ್ದಿನ ಭಯವೇಕೆ ಎಂದು ನಮಗನ್ನಿಸಬಹುದು. ಒಳಕಿವಿ ಹಾಳಾದಾಗ ಮೆಲುದನಿ ಕೇಳುವುದಿಲ್ಲ, ಆದರೆ ಜೋರು ಸದ್ದು ಮಾಮೂಲಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಚುಚ್ಚುತ್ತದೆ. ಅಜ್ಜಿಯ ಕಿವಿಗೆ ಬಾಯಿಟ್ಟು ಕೂಗುವುದು ಪರಿಹಾರವಲ್ಲ ಎನ್ನುವುದು ಇದಕ್ಕೇ. ಎದುರು ನಿಂತು, ಮುಖ ಕಾಣುವಂತೆ, ನಿಧಾನವಾಗಿ ಹೇಳಬೇಕು.

1814ರ ವಸಂತದಲ್ಲಿ ಅವರ ಪಿಯಾನೋ ಅಭ್ಯಾಸವನ್ನು ಕೇಳಿದ ಸಂಗೀತಗಾರ ಲೂಯಿ ಷ್ಪೋರ್‌ಗೆ ಕಂಡದ್ದೂ ಅದೇ. ಜೋರಾಗಿ ನುಡಿಸಬೇಕಾದ ಕಡೆ ತಂತಿಗಳು ಒದರುವಷ್ಟು ಹೊಡೆತ, ಮೆಲ್ಲಗೆ ನುಡಿಸಬೇಕಾದ ಕಡೆ ಸ್ವರಗಳೇ ಹೊರಡದಷ್ಟು ಮೃದು. ಆ ವರ್ಷದ ನಂತರ ಅವರು ಸಾರ್ವಜನಿಕವಾಗಿ ಪಿಯಾನೋ ನುಡಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದರು.

ಒಂದೊಂದು ಕೆಲಸಕ್ಕೆ ಒಂದೊಂದು ಸಾಧನ

ಇದೇ ಹೊತ್ತಿಗೆ ಯೋಹಾನ್ ನೆಪೊಮುಕ್ ಮೆಲ್ಟ್ಸೆಲ್ ಎಂಬ ಯಂತ್ರ ತಯಾರಕರು ಅವರಿಗೆ ಲೋಹದ ಶ್ರವಣ ಕಹಳೆಗಳನ್ನು ಮಾಡಿಕೊಟ್ಟರು. ತಾಳ ಅಳೆಯುವ ಮೆಟ್ರೊನೋಮ್‌ಗೆ ಹೆಸರಾದವರು ಇವರೇ. ಈ ಕಹಳೆಗಳು ಇಂದಿಗೂ ಬಾನ್‌ನ ಬೀಥೋವನ್ ಮನೆ ಸಂಗ್ರಹಾಲಯದಲ್ಲಿವೆ. ಕಹಳೆಯ ಅಗಲ ಬಾಯಿ ಸದ್ದನ್ನು ಒಟ್ಟುಮಾಡಿ ಕಿರಿದಾದ ತುದಿಯಿಂದ ಕಿವಿಗೆ ಬಿಡುತ್ತದೆ. ಆದರೆ ಅದಕ್ಕೆ ಆಯ್ಕೆ ಗೊತ್ತಿಲ್ಲ. ಬೇಕಾದ ಮಾತು, ಬೇಡದ ಗದ್ದಲ ಎರಡನ್ನೂ ತರುತ್ತದೆ, ಕಳೆದುಹೋದ ತಾರಸ್ವರವನ್ನು ಮಾತ್ರ ಎತ್ತಿಕೊಡುವುದಿಲ್ಲ. ಇಂದು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಸದ್ದು ಹೆಚ್ಚಿಸುವ ಯಂತ್ರಗಳ ಕಥೆಯೂ ಇಷ್ಟೇ. ಅವು ಬ್ಯಾಟರಿ ಹಾಕಿದ ಕಹಳೆಗಳು.

1818ರಿಂದ ಬೀಥೋವನ್ ನೋಟ್‌ಬುಕ್ ಇಟ್ಟುಕೊಂಡರು. ಬಂದವರು ಅದರಲ್ಲಿ ಬರೆಯುತ್ತಿದ್ದರು, ಇವರು ಸಾಮಾನ್ಯವಾಗಿ ಬಾಯಲ್ಲಿ ಉತ್ತರಿಸುತ್ತಿದ್ದರು. ಸುಮಾರು 140 ಪುಸ್ತಕಗಳು ಉಳಿದಿವೆ, ಹೆಚ್ಚಿನವು ಬರ್ಲಿನ್‌ನ ಗ್ರಂಥಾಲಯದಲ್ಲಿ. ಅಡುಗೆಯವರ ಸಂಬಳದಿಂದ ಹಿಡಿದು ಸಿಂಫನಿಯ ತಯಾರಿಯವರೆಗೆ ಎಲ್ಲವೂ ಅದರಲ್ಲಿದೆ, ಆದರೆ ಒಂದು ಕಡೆಯ ಮಾತು ಮಾತ್ರ. ಕಾರ್ಯದರ್ಶಿಯಂತಿದ್ದ ಆಂಟನ್ ಷಿಂಡ್ಲರ್, ಬೀಥೋವನ್ ಸತ್ತ ಮೇಲೆ ತನ್ನ ಮಹತ್ವ ಹೆಚ್ಚಿಸಿಕೊಳ್ಳಲು ಇವುಗಳಲ್ಲಿ ಸುಳ್ಳು ಸಾಲುಗಳನ್ನು ಸೇರಿಸಿದ್ದು 1970ರ ದಶಕದಲ್ಲಿ ಬಯಲಾಯಿತು. ಬೀಥೋವನ್ ಕುರಿತ ಫೇಕ್ ಫಾರ್ವರ್ಡ್‌ಗೆ ಅಷ್ಟು ಹಳೆಯ ಇತಿಹಾಸವಿದೆ!

ಪಿಯಾನೋಗೆ ಬೇರೆ ಉಪಾಯ. 1820ರ ಸುಮಾರಿಗೆ ಅದರ ಮೇಲೆ ತಗಡಿನ ಕಮಾನಿನಂಥ ಹೊದಿಕೆ ಕೂರಿಸಿ, ಸದ್ದು ನುಡಿಸುವವರ ಕಡೆಗೇ ತಿರುಗುವಂತೆ ಮಾಡಿಸಿದರು. ಹಲ್ಲಿನಲ್ಲಿ ಕೋಲು ಕಚ್ಚಿ ಪಿಯಾನೋಗೆ ತಾಗಿಸಿ ಕೇಳುತ್ತಿದ್ದರು ಎಂಬ ಕಥೆ ಇಯರ್‌ಫೋನ್ ಜಾಹೀರಾತುಗಳಲ್ಲಿ ಬರುತ್ತಿರುತ್ತದೆ. ಮೂಳೆಯ ಮೂಲಕ ಸದ್ದು ಒಳಕಿವಿ ತಲುಪುತ್ತದೆ ಎಂಬ ತತ್ವ ನಿಜ. ಆ ಕಥೆಗೆ ಮಾತ್ರ ಆಧಾರ ತೆಳು.

1823ರ ಒಂದು ತಪ್ಪು ಸಲಹೆ

1823ರಲ್ಲಿ, ಕಿವಿ ಮಂದವಾಗುತ್ತಿದ್ದ ಒಬ್ಬರು ಬೀಥೋವನ್ ಬಳಿ ಸಲಹೆ ಕೇಳಿದರು. ಬೀಥೋವನ್ ನೋಟ್‌ಬುಕ್‌ನಲ್ಲೇ ಉತ್ತರ ಬರೆದರು. ಸ್ನಾನ, ಹಳ್ಳಿಯ ಗಾಳಿ ಒಳ್ಳೆಯದು, ಕಹಳೆಯಂಥ ಸಾಧನಗಳನ್ನು ಬೇಗ ಬಳಸಬೇಡಿ, ಬಳಸದೆ ಇದ್ದುದರಿಂದಲೇ ತಮ್ಮ ಎಡಗಿವಿ ಒಂದಷ್ಟು ಉಳಿದಿದೆ ಎಂಬುದು ಅದರ ಸಾರ.

ಇನ್ನೂರು ವರ್ಷಗಳ ನಂತರವೂ ನಮ್ಮಲ್ಲಿ ಓಡಾಡುತ್ತಿರುವುದು ಇದೇ ಮಾತು. ಅವರ ಕಾಲದಲ್ಲಿ ಅಳೆಯುವ ಉಪಕರಣ ಇರಲಿಲ್ಲ, ಆದ್ದರಿಂದ ಅವರ ನಂಬಿಕೆ ಅರ್ಥವಾಗುತ್ತದೆ. ಇಂದು ನಮಗೆ ಆ ನೆಪವಿಲ್ಲ. ಪರೀಕ್ಷೆ ಮಾಡಿ ಹೊಂದಿಸಿದ ಹಿಯರಿಂಗ್ ಏಡ್ ಯಾವ ಸ್ವರ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನೇ ಎತ್ತಿಕೊಡುತ್ತದೆ, ಜೋರು ಸದ್ದಿಗೆ ಮಿತಿ ಹಾಕುತ್ತದೆ. ಅದರಿಂದ ಕಿವಿ ಸೋಮಾರಿಯಾಗುವುದಿಲ್ಲ. ತಡಮಾಡಿದರೆ ಕಷ್ಟವಾಗುವುದು ಮಿದುಳಿಗೆ. ವರ್ಷಗಟ್ಟಲೆ ಮಾತಿನ ಸೂಕ್ಷ್ಮ ಕೇಳದ ಮಿದುಳು ಮತ್ತೆ ರೂಢಿಯಾಗಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ಕೊನೆಯ ವರ್ಷಗಳು

1824ರ ಮೇ 7ರಂದು ವಿಯೆನ್ನಾದಲ್ಲಿ ಒಂಬತ್ತನೇ ಸಿಂಫನಿ ಮೊದಲ ಬಾರಿ ಮೊಳಗಿತು. ಬೀಥೋವನ್ ವೇದಿಕೆಯಲ್ಲಿ ತಾಳ ಹಾಕುತ್ತಿದ್ದರು, ವಾದಕರು ನೋಡುತ್ತಿದ್ದುದು ನಿರ್ದೇಶಕ ಮಿಖಾಯೆಲ್ ಉಮ್ಲಾಫ್ ಅವರನ್ನು. ಜನ ಚಪ್ಪಾಳೆ ತಟ್ಟುತ್ತಿದ್ದರೂ ಬೀಥೋವನ್‌ಗೆ ತಿಳಿಯದಿದ್ದಾಗ ಗಾಯಕಿ ಕರೋಲಿನೆ ಉಂಗರ್ ಅವರನ್ನು ಸಭೆಯ ಕಡೆಗೆ ತಿರುಗಿಸಿದರು. ಆಗ ಕರವಸ್ತ್ರಗಳು ಗಾಳಿಯಲ್ಲಿ ಹಾರಾಡುತ್ತಿದ್ದುದು ಕಂಡಿತು.

1827ರ ಮಾರ್ಚ್ 26ರಂದು, 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಶವಪರೀಕ್ಷೆಯಲ್ಲಿ ಶ್ರವಣ ನರಗಳು ಸೊರಗಿದ್ದು ಕಂಡುಬಂತು. 2023ರಲ್ಲಿ ಅವರ ಕೂದಲಿನ ಡಿಎನ್ಎ ಪರೀಕ್ಷೆಯಾಯಿತು. ಯಕೃತ್ತಿನ ಕಾಯಿಲೆಯ ಆನುವಂಶಿಕ ಅಪಾಯ ಮತ್ತು ಹೆಪಟೈಟಿಸ್ ಬಿ ಸೋಂಕು ಪತ್ತೆಯಾದವು, ಕಿವಿಯ ತೊಂದರೆಗೆ ಸ್ಪಷ್ಟ ಆನುವಂಶಿಕ ಕಾರಣ ಸಿಗಲಿಲ್ಲ. 2024ರ ಪರೀಕ್ಷೆಯಲ್ಲಿ ಕೂದಲಿನಲ್ಲಿ ಸೀಸದ ಪ್ರಮಾಣ ಬಹಳ ಹೆಚ್ಚಿತ್ತು. ಅದು ಕಿವಿಗೆ ಹಾನಿ ಮಾಡಿರಬಹುದು, ಆದರೆ ಅದೊಂದೇ ಕಾರಣ ಎನ್ನಲಾಗದು.

ಹಾಗಾದರೆ ನಾವೇನು ಮಾಡಬೇಕು?

• ಟಿವಿ ಸದ್ದು ಏರುತ್ತಿದ್ದರೆ, ‘ಏನಂದೆ?’ ಹೆಚ್ಚಾಗಿದ್ದರೆ, ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಮೊದಲು ಇಎನ್‌ಟಿ ವೈದ್ಯರನ್ನು ನೋಡಿ, ಆಡಿಯೋಗ್ರಾಮ್ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಪರೀಕ್ಷೆ ನಡೆಯುತ್ತದೆ. ಅರ್ಹರಿಗೆ ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಸಾಧನ ಸಿಗುತ್ತದೆ.

• ಒಂದೇ ದಿನದಲ್ಲಿ ಅಥವಾ ಎರಡು ಮೂರು ದಿನದಲ್ಲಿ ಕಿವಿ ದಿಢೀರನೆ ಕೇಳದಂತಾದರೆ ಅದು ತುರ್ತು. ಮನೆಮದ್ದು ಮಾಡುತ್ತಾ ಕೂರಬೇಡಿ, ಅಂದೇ ವೈದ್ಯರ ಬಳಿ ಹೋಗಿ.

• ಬೆಲೆ, ಗಾತ್ರ ನೋಡಿ ಹಿಯರಿಂಗ್ ಏಡ್ ಕೊಳ್ಳಬೇಡಿ. ಆಡಿಯೋಗ್ರಾಮ್‌ಗೆ ಹೊಂದಿಸಿ, ಹಾಕಿ ನೋಡಿ, ಮತ್ತೆ ಹೋಗಿ ಸರಿಮಾಡಿಸಿಕೊಳ್ಳಿ. ಮೊದಲ ಕೆಲವು ವಾರ ಪಾತ್ರೆ ಸದ್ದೂ ಕಿರಿಕಿರಿ ಎನಿಸುತ್ತದೆ. ಡ್ರಾಯರ್‌ಗೆ ಹಾಕಿಬಿಡಬೇಡಿ. ಎಂಥ ಹಿಯರಿಂಗ್ ಏಡ್‌ನಿಂದಲೂ ಪ್ರಯೋಜನ ಕಾಣದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ.

• ಎಲ್ಲಕ್ಕೂ ಒಂದೇ ಸಾಧನ ಸಾಲದು. ಟಿವಿಗೆ ಬ್ಲೂಟೂತ್ ಸ್ಟ್ರೀಮರ್, ಗದ್ದಲದಲ್ಲಿ ಎದುರಿನವರ ಬಳಿ ಇಡುವ ರಿಮೋಟ್ ಮೈಕ್, ಮಾತನ್ನು ಕನ್ನಡ ಅಕ್ಷರವಾಗಿ ತೋರಿಸುವ ಫೋನ್ ಆ್ಯಪ್ ಇವೆ. ಕೊನೆಯದು ಬೀಥೋವನ್ ನೋಟ್‌ಬುಕ್‌ನ ಇಂದಿನ ರೂಪ.

• ಪಟಾಕಿ, ಡಿಜೆ, ಕಾರ್ಖಾನೆಯ ಸದ್ದಿಗೆ ಹತ್ತಿ ಸಾಲದು. ಸರಿಯಾಗಿ ಕೂರುವ ಇಯರ್‌ಪ್ಲಗ್ ಅಥವಾ ಇಯರ್‌ಮಫ್ ಬೇಕು. ಇಯರ್‌ಫೋನ್‌ನಲ್ಲಿ 80 ಡೆಸಿಬೆಲ್ ಸದ್ದಾದರೆ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸದ್ದು ಹೆಚ್ಚಿದಷ್ಟೂ ಹೊತ್ತು ಕಡಿಮೆಯಾಗಬೇಕು.

ಬೀಥೋವನ್ ಫಾರ್ವರ್ಡ್ ಮತ್ತೆ ಬಂದರೆ ಇದನ್ನೂ ಜೊತೆಗೆ ಕಳಿಸಿ. ಅದಕ್ಕೂ ಮೊದಲು, ಮಾತಿನ ನಡುವೆ ಸುಮ್ಮನೆ ನಕ್ಕು ತಲೆಯಾಡಿಸುವವರು ನಿಮ್ಮ ಮನೆಯಲ್ಲಿದ್ದರೆ ಅವರ ಪಕ್ಕ ಹೋಗಿ ಕೂತುಕೊಳ್ಳಿ. ಜೋರಾಗಿ ಹೇಳಿ ಎಂದು ಕೇಳಲು ಅವರಿಗೂ ನಾಚಿಕೆ ಇರಬಹುದು. ಪರೀಕ್ಷೆಗೆ ಹೋಗೋಣ ಬನ್ನಿ ಎಂದು ನೀವೇ ಕರೆಯಿರಿ.