ದಿಲ್ಲಿಯ ಗಲ್ಲಿಯನ್ನು ಇಂಗ್ಲಿಷಿನಲ್ಲಿ ಬರೆದ ಅಹ್ಮದ್ ಅಲಿ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರು ಕನ್ನಡದಲ್ಲಿ ಬರೆದದ್ದನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಸುದ್ದಿ ಬಂದ ಮೇಲೆ ನಮ್ಮ ತರಗತಿಯಲ್ಲಿ ಒಂದು ವಾದ ಶುರುವಾಯಿತು. ನಮ್ಮ ಮನೆಯ ಕಥೆಯನ್ನು ನಮ್ಮ ಭಾಷೆಯಲ್ಲಿ ಬರೆದು ಅನುವಾದಕ್ಕೆ ಕಾಯಬೇಕೋ, ನೇರವಾಗಿ ಇಂಗ್ಲಿಷಿನಲ್ಲೇ ಬರೆದುಬಿಡಬೇಕೋ? ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಬೀದಿಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್ ಎನ್ನುವ ನಮ್ಮಂಥವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇದೇ ಪ್ರಶ್ನೆ 1930ರ ದಶಕದಲ್ಲಿ ದಿಲ್ಲಿಯ ಒಬ್ಬ ಯುವಕನ ಮುಂದೆಯೂ ಇತ್ತು. ಅವರ ಹೆಸರು ಅಹ್ಮದ್ ಅಲಿ. ಅವರ ಕಾದಂಬರಿಯನ್ನು ನಾನು ಈ ವರ್ಷ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಪಠ್ಯಪುಸ್ತಕದಲ್ಲಿ ಇವರಿಲ್ಲ ಎಂಬ ಕಾರಣಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಹ್ಮದ್ ಅಲಿ ಹುಟ್ಟಿದ್ದು 1910ರಲ್ಲಿ, ಹಳೆಯ ದಿಲ್ಲಿಯಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದರು. ಅಲಿಗಢದಲ್ಲಿ ಓದಿದರು, ನಂತರ ಲಖನೌ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಅಧ್ಯಾಪಕರಾದರು. ಉರ್ದುವಿನಲ್ಲಿ ಕಥೆಗಳನ್ನು ಬರೆದರು. 1932ರಲ್ಲಿ ಅವರು, ಸಜ್ಜಾದ್ ಜಹೀರ್, ರಶೀದ್ ಜಹಾನ್ ಮತ್ತು ಮಹಮೂದುಜ್ಜಫರ್ ಸೇರಿ 'ಅಂಗಾರೆ' ಎಂಬ ಸಂಕಲನ ಹೊರತಂದರು. ಅದರ ಮೇಲೆ ಎದ್ದ ಗದ್ದಲ ಅಷ್ಟಿಷ್ಟಲ್ಲ. ಧಾರ್ಮಿಕ ಭಾವನೆಗಳಿಗೆ ಧಕ್ಕೆ ಎಂದು ಸಭೆಗಳಾದವು, ಫತ್ವಾ ಹೊರಬಿದ್ದವು. 1933ರ ಮಾರ್ಚ್‌ನಲ್ಲಿ ಸಂಯುಕ್ತ ಪ್ರಾಂತದ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಇಪ್ಪತ್ತೆರಡು-ಇಪ್ಪತ್ತಮೂರರ ವಯಸ್ಸಿನಲ್ಲಿ ಇಂಥ ಪೆಟ್ಟು ತಿಂದವರು ಲೇಖನಿ ಕೆಳಗಿಡುವುದೂ ಉಂಟು. ಇವರು ಇಡಲಿಲ್ಲ. 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರ ಸಂಘದ ಮೊದಲ ಸಮ್ಮೇಳನ ನಡೆದಾಗ ಅದರ ಹಿಂದಿದ್ದವರಲ್ಲಿ ಇವರೂ ಒಬ್ಬರು. ಮುಂದೆ ಸಂಘ ಪೂರ್ತಿ ರಾಜಕೀಯದ ಕಡೆ ವಾಲಿತು ಅನ್ನಿಸಿ ದೂರ ಸರಿದರು.

ಕಾದಂಬರಿಗೆ ಕೈ ಹಾಕಿದಾಗ ಮಾತ್ರ ಅವರು ಇಂಗ್ಲಿಷನ್ನು ಆರಿಸಿಕೊಂಡರು. ಕಾರಣ ಸ್ಪಷ್ಟ. ದಿಲ್ಲಿಯನ್ನು ಬ್ರಿಟಿಷರು ಏನು ಮಾಡಿದರು ಎಂಬುದನ್ನು ದಿಲ್ಲಿಯವರಿಗೆ ಹೇಳಬೇಕಾಗಿರಲಿಲ್ಲ, ಅವರಿಗೆ ಅದು ಗೊತ್ತೇ ಇತ್ತು. ಹೇಳಬೇಕಾಗಿದ್ದದ್ದು ಆಳುವವರಿಗೆ, ಹೊರಗಿನ ಜಗತ್ತಿಗೆ. ಆ ಹೊತ್ತಿಗೆ ದಾರಿ ಸ್ವಲ್ಪ ತೆರೆದಿತ್ತು. 1935ರಲ್ಲಿ ಮುಲ್ಕ್ ರಾಜ್ ಆನಂದರ 'ಅನ್‌ಟಚಬಲ್', ಅದೇ ವರ್ಷ ಮೈಸೂರಿನ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್', 1938ರಲ್ಲಿ ಹಾಸನದ ರಾಜಾ ರಾವ್ ಅವರ 'ಕಾಂತಪುರ', ಮೂರೂ ಲಂಡನ್ನಿನಲ್ಲೇ ಅಚ್ಚಾಗಿದ್ದವು.

1939ರಲ್ಲಿ ಅಹ್ಮದ್ ಅಲಿ ಹಸ್ತಪ್ರತಿ ಹಿಡಿದುಕೊಂಡು ಲಂಡನ್ನಿಗೆ ಹೋದರು. ಅದರ ಹೆಸರು 'ಟ್ವಿಲೈಟ್ ಇನ್ ಡೆಲ್ಲಿ', ಅಂದರೆ ದಿಲ್ಲಿಯ ಮುಸ್ಸಂಜೆ. ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಅದನ್ನು ಓದಿ ಮೆಚ್ಚಿದರು. ಸರ್ ಸಯ್ಯದ್ ಅಹಮದ್ ಖಾನರ ಮೊಮ್ಮಗ ರಾಸ್ ಮಸೂದ್ ಅವರ ಆಪ್ತ ಸ್ನೇಹಿತರಾಗಿದ್ದ ಫಾರ್ಸ್ಟರ್‌ಗೆ ಇಂಥ ಮನೆಗಳು ಅಪರಿಚಿತವಾಗಿರಲಿಲ್ಲ. ಲೆನಾರ್ಡ್ ಮತ್ತು ವರ್ಜೀನಿಯಾ ವುಲ್ಫ್ ದಂಪತಿ ಕಟ್ಟಿದ ಹೋಗಾರ್ತ್ ಪ್ರೆಸ್ ಪ್ರಕಟಿಸಲು ಒಪ್ಪಿತು. ಅಲ್ಲಿಗೆ ಎಲ್ಲವೂ ಸುಸೂತ್ರ ಅನ್ನುವಷ್ಟರಲ್ಲಿ ಯುದ್ಧ ಶುರುವಾಗಿತ್ತು. ಅಚ್ಚು ಹಾಕುವವರು ಹಸ್ತಪ್ರತಿ ಓದಿ ಹೆದರಿದರು. 1857ರ ದಂಗೆಯ ನಂತರ ದಿಲ್ಲಿಯಲ್ಲಿ ನಡೆದದ್ದನ್ನು ಬರೆದ ಭಾಗಗಳು ರಾಜದ್ರೋಹದಂತಿವೆ, ತೆಗೆಯಬೇಕು ಎಂದರು. ತೆಗೆದರೆ ಕಾದಂಬರಿಯ ಬೆನ್ನೆಲುಬೇ ಹೋಗುತ್ತಿತ್ತು. ಅಹ್ಮದ್ ಅಲಿ ಒಪ್ಪಲಿಲ್ಲ. ಹೊಸಬ, ಪರದೇಶದಲ್ಲಿದ್ದವರು, ಪುಸ್ತಕ ಬಂದರೆ ಸಾಕು ಎನ್ನುವ ಸ್ಥಿತಿಯಲ್ಲಿದ್ದವರು ಹಾಗೆ ನಿಂತದ್ದು ನನಗೆ ಇಡೀ ಬದುಕಿನಲ್ಲೇ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಫಾರ್ಸ್ಟರ್ ಮತ್ತು ವರ್ಜೀನಿಯಾ ವುಲ್ಫ್ ಅವರ ಪರ ನಿಂತರು, ಹೆರಾಲ್ಡ್ ನಿಕಲ್ಸನ್ ಅಡ್ಡಿ ನಿವಾರಿಸಿದರು. 1940ರಲ್ಲಿ ಪುಸ್ತಕ ಇದ್ದದ್ದು ಇದ್ದಂತೆ ಹೊರಬಂತು.

ಕಥೆ ದಿಲ್ಲಿಯ ಒಂದು ಗಲ್ಲಿಯ ಮನೆಯದು. ಯಜಮಾನ ಮೀರ್ ನಿಹಾಲ್ ಪಾರಿವಾಳ ಹಾರಿಸುವ ಹುಚ್ಚಿನವರು. ಮಗ ಅಸ್ಗರ್ ಇಂಗ್ಲಿಷ್ ಬೂಟು ಹಾಕಿಕೊಂಡರೆ ಅವರಿಗೆ ಸಿಟ್ಟು. ಆತ ಬಿಲ್ಕೀಸ್ ಎಂಬ ಹುಡುಗಿಯನ್ನು ಮದುವೆಯಾಗಬೇಕೆಂದರೆ ಮನೆತನದ ಪ್ರಶ್ನೆ ಎತ್ತಿ ಇನ್ನೂ ಸಿಟ್ಟು. ಹೆಂಗಸರ ಅಂಗಳ, ಅಜಾನ್, ಬೀದಿಯ ಫಕೀರರು, ಬಿಸಿಲಿನ ಧೂಳು, ಮದುವೆ, ಮಯ್ಯತ್ ಎಲ್ಲವೂ ಇದರಲ್ಲಿದೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ದರ್ಬಾರಿನ ಮೆರವಣಿಗೆ ಜಾಮಾ ಮಸೀದಿಯ ಬಳಿ ಸಾಗುವುದನ್ನು ನೋಡುತ್ತ ಮೀರ್ ನಿಹಾಲ್‌ಗೆ ತಾನು ಹುಡುಗನಾಗಿದ್ದಾಗಿನ 1857 ನೆನಪಾಗುತ್ತದೆ. ಮುದ್ರಕರು ಹೆದರಿದ್ದು ಇಂಥ ಪುಟಗಳಿಗೇ. ಒಂದು ರಾತ್ರಿ ಗೂಡಿಗೆ ಬೆಕ್ಕು ನುಗ್ಗಿ ಪಾರಿವಾಳಗಳನ್ನು ಕೊಲ್ಲುತ್ತದೆ. ಆಮೇಲೆ ಬಿಲ್ಕೀಸಳ ಸಾವು, 1918ರ ಇನ್‌ಫ್ಲುಯೆಂಜಾ, ಕೊನೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮುದುಕ. ಅಸ್ಗರ್ ಮೇಲೆ ನನಗೆ ಕೋಪ ಬಂತು ಎಂದು ಹೇಳಲೇಬೇಕು. ಅಷ್ಟು ಹಟ ಹಿಡಿದು ಮದುವೆಯಾದವನು ಅಷ್ಟು ಬೇಗ ಹೆಂಡತಿಯನ್ನು ಮರೆಯುತ್ತಾನೆ!

ಇಂಗ್ಲಿಷಿನಲ್ಲಿದ್ದರೂ ಈ ಪುಸ್ತಕದ ಜನ ಇಂಗ್ಲಿಷರಂತೆ ಮಾತಾಡುವುದಿಲ್ಲ. ಅವರ ಹರಕೆ, ಬೈಗುಳ, ಆಣೆ ಎಲ್ಲ ಉರ್ದುವಿನದೇ. ನಡುನಡುವೆ ಬರುವ ಶಾಯರಿ ಕೂಡ. ಕೆಲವು ಸಾಲುಗಳನ್ನು ನಾನು ದಖನಿಗೆ ತಿರುಗಿಸಿ ನಮ್ಮ ನಾನಿಗೆ ಹೇಳಿದಾಗ, ಅವರು ಅದರ ಮುಂದಿನ ಮಾತನ್ನು ತಾವೇ ಹೇಳಿಬಿಡುತ್ತಿದ್ದರು.

ಪುಸ್ತಕದ ಅದೃಷ್ಟ ಮಾತ್ರ ಚೆನ್ನಾಗಿರಲಿಲ್ಲ. ಅದೇ 1940ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಬಾಂಬಿಗೆ ಹೋಗಾರ್ತ್ ಪ್ರೆಸ್ ಇದ್ದ ಕಟ್ಟಡ ಹಾಳಾಗಿ ಸಂಸ್ಥೆ ಲಂಡನ್ ಬಿಟ್ಟು ಹೋಗಬೇಕಾಯಿತು. ವಿಮರ್ಶಕರು ಹೊಗಳಿದ ಕಾದಂಬರಿ ಯುದ್ಧದ ಗಲಾಟೆಯಲ್ಲಿ ಕಣ್ಮರೆಯಾಯಿತು. ಅಹ್ಮದ್ ಅಲಿ ಮೊದಲು ದಿಲ್ಲಿಯಲ್ಲಿ ಬಿಬಿಸಿಗೆ ಕೆಲಸ ಮಾಡಿದರು, ನಂತರ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. 1947ರಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಚೀನಾದ ನಾನ್‌ಜಿಂಗ್‌ಗೆ ಹೋದರು. ಅವರು ಅಲ್ಲಿದ್ದಾಗಲೇ ದೇಶ ಎರಡಾಯಿತು. ತಿರುಗಿ ಮನೆಗೆ ಹೊರಟಾಗ, ಅವರು ಮುಂದೆ ಹೇಳಿಕೊಂಡಂತೆ, ಭಾರತದ ರಾಯಭಾರ ಕಚೇರಿ ಅನುಮತಿ ಕೊಡಲಿಲ್ಲ. ದಿಲ್ಲಿ ಬಿಟ್ಟು ಹೋಗುತ್ತೇನೆಂದು ಅವರು ಎಂದೂ ನಿರ್ಧರಿಸಿರಲಿಲ್ಲ. 1948ರಲ್ಲಿ ಕರಾಚಿಗೆ ಹೋಗಿ ಇಳಿದರು. ದಿಲ್ಲಿ ಕೈತಪ್ಪುವುದನ್ನು ಬರೆದವರ ಕೈಯಿಂದಲೇ ದಿಲ್ಲಿ ತಪ್ಪಿತು. ಪಾಕಿಸ್ತಾನದ ವಿದೇಶಾಂಗ ಸೇವೆ ಸೇರಿ ಚೀನಾ, ಮೊರೊಕ್ಕೊಗಳಲ್ಲಿ ಕೆಲಸ ಮಾಡಿದರು. ಆ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬರಹಗಾರ ಅಹ್ಮದ್ ಅಲಿ ಅಲ್ಲಿ ಕಡಿಮೆ ಕಾಣುತ್ತಾರೆ.

ಕಾದಂಬರಿ ಉರ್ದುವಿಗೆ ಬಂದದ್ದು 1963ರಲ್ಲಿ, 'ದಿಲ್ಲಿ ಕಿ ಶಾಮ್' ಎಂಬ ಹೆಸರಿನಲ್ಲಿ. ಅನುವಾದಿಸಿದವರು ಅವರ ಪತ್ನಿ ಬಿಲ್ಕೀಸ್ ಜಹಾನ್. ಹೌದು, ನಾಯಕಿಯ ಹೆಸರೇ! ಆದರೆ ಕಾದಂಬರಿ ಮೊದಲು, ಮದುವೆ ಆಮೇಲೆ. ಯಾವ ಭಾಷೆಯ ಜನರ ಕಥೆಯೋ ಆ ಭಾಷೆಗೆ ಪುಸ್ತಕ ತಲುಪಲು ಇಪ್ಪತ್ತಮೂರು ವರ್ಷ ಹಿಡಿಯಿತು. ಮೀರ್ ನಿಹಾಲರ ವಯಸ್ಸಿನ ಎಷ್ಟೋ ಜನ ಅಷ್ಟರಲ್ಲಿ ತೀರಿಹೋಗಿದ್ದರು. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಅಹ್ಮದ್ ಅಲಿ ತೆತ್ತ ಬೆಲೆ ಇದು. ಇಂಗ್ಲಿಷಿನಲ್ಲಿ ಬರೆಯದೇ ಇದ್ದಿದ್ದರೆ 1857ರ ಆ ಪುಟಗಳು 1940ರಲ್ಲಿ ಲಂಡನ್ನಿನ ಓದುಗರ ಕೈ ಸೇರುತ್ತಲೂ ಇರಲಿಲ್ಲ. ನಮ್ಮ ತರಗತಿಯ ವಾದದಲ್ಲಿ ನಾನು ಅನುವಾದದ ಪರ ಇದ್ದೇನೆ, ಈಗಲೂ ಇದ್ದೇನೆ. ಆದರೆ ಅವರ ಕಾಲದಲ್ಲಿ ಉರ್ದು ಕಾದಂಬರಿಯೊಂದನ್ನು ಲಂಡನ್ನಿಗೆ ತಲುಪಿಸುವ ದೀಪಾ ಭಾಸ್ತಿಯಂಥವರಿಗೆ ಅವರು ಎಷ್ಟು ವರ್ಷ ಕಾಯಬೇಕಾಗುತ್ತಿತ್ತು?

ಭಾರತದಲ್ಲಿ ಕಾದಂಬರಿ 1966ರಲ್ಲಿ ಮುಂಬಯಿಯಿಂದ ಮರುಮುದ್ರಣವಾಯಿತು. ಅಹ್ಮದ್ ಅಲಿ ನಂತರ ಉರ್ದು ಕವಿಗಳನ್ನು ಇಂಗ್ಲಿಷಿಗೆ ತಂದರು. ಎಪ್ಪತ್ತು ದಾಟಿದ ಮೇಲೆ ಪವಿತ್ರ ಕುರ್‌ಆನಿನ ಇಂಗ್ಲಿಷ್ ಅನುವಾದ ಮುಗಿಸಿ 1984ರಲ್ಲಿ ಪ್ರಕಟಿಸಿದರು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರೆಸ್ ಅದನ್ನು ಅರಬಿ ಮೂಲದೊಂದಿಗೆ ಅಚ್ಚು ಹಾಕಿತು. 'ಅಂಗಾರೆ'ಯ ಕಾಲದಲ್ಲಿ ಅವರ ಮೇಲೆ ಹರಿಹಾಯ್ದವರು ಇದನ್ನು ಊಹಿಸಿರಲಾರರು.

1994ರ ಜನವರಿ 14ರಂದು ಅವರು ಕರಾಚಿಯಲ್ಲಿ ತೀರಿಕೊಂಡರು. ಕಾದಂಬರಿ ಓದಬೇಕೆನ್ನುವ ಗೆಳೆಯ ಗೆಳತಿಯರಿಗೆ ಒಂದು ಮಾತು: ಮೊದಲ ಮೂವತ್ತು ಪುಟ ನಿಧಾನವಾಗಿ ಸಾಗುತ್ತವೆ, ಬಿಡಬೇಡಿ. ಪಾರಿವಾಳಗಳು ಮೇಲೇರಿದ ಮೇಲೆ ಪುಟಗಳು ತಾವೇ ತಿರುಗುತ್ತವೆ.