ಕತ್ತಿ ಎತ್ತಲಿಲ್ಲ, ತಲೆಯನ್ನೂ ಬಾಗಿಸಲಿಲ್ಲ

ಖಲೀಫನ ವಿರುದ್ಧ ದಂಗೆ ಏಳಬಾರದು ಅಂದವರು ಇಮಾಮ್ ಅಹ್ಮದ್ ಇಬ್ನ್ ಹಂಬಲ್. ಖಲೀಫನ ಅಪ್ಪಣೆ ಮೀರಿ ಚಾಟಿಯೇಟು ತಿಂದವರೂ ಅವರೇ. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

780ರಲ್ಲಿ ಹುಟ್ಟಿದ ಅವರು ಎಳೆವೆಯಲ್ಲೇ ತಂದೆಯನ್ನು ಕಳೆದುಕೊಂಡು, ಬಾಗ್ದಾದಿನಲ್ಲಿ ತಾಯಿಯ ಆಸರೆಯಲ್ಲಿ ಬೆಳೆದರು. ಊರೂರು ಅಲೆದು ಹದೀಸ್‌ಗಳನ್ನು ಕಲೆಹಾಕಿದರು. 833ರಲ್ಲಿ ಖಲೀಫ ಅಲ್-ಮಾಮೂನ್, ಕುರ್‌ಆನ್ ದೇವರ ಸೃಷ್ಟಿ ಎಂದು ವಿದ್ವಾಂಸರೆಲ್ಲ ಒಪ್ಪಬೇಕು ಅಂತ ವಿಚಾರಣೆ ಶುರುಮಾಡಿದ. ಇದೇ 'ಮಿಹ್ನ'. ಮೇಲ್ನೋಟಕ್ಕೆ ದೇವತಾಶಾಸ್ತ್ರದ ಜಗಳ. ಒಳಗಿದ್ದ ಪ್ರಶ್ನೆ ಬೇರೆ: ಧರ್ಮ ಏನು ಹೇಳುತ್ತೆ ಅನ್ನೋದನ್ನು ಅರಮನೆ ತೀರ್ಮಾನಿಸಬೇಕಾ?

ಹೆಚ್ಚಿನವರು ಹೆದರಿ ಒಪ್ಪಿದರು. ಕುರ್‌ಆನ್ ಸೃಷ್ಟಿಯಲ್ಲ, ದೇವರದೇ ಮಾತು ಎಂದು ನಂಬಿದ್ದ ಇಬ್ನ್ ಹಂಬಲ್ ಒಪ್ಪಲಿಲ್ಲ. ಸಂಕೋಲೆ ಬಿತ್ತು, ಎರಡು ವರ್ಷಕ್ಕೂ ಮೀರಿ ಸೆರೆವಾಸವಾಯ್ತು. ಮುಂದಿನ ಖಲೀಫ ಅಲ್-ಮುಅ್‌ತಸಿಮ್ ಎದುರಲ್ಲೇ ಹೊಡೆಸಿದ.

ಅಲ್-ವಾಸಿಕ್ ಕಾಲದಲ್ಲಿ ಬಾಗ್ದಾದಿನ ಕೆಲ ವಿದ್ವಾಂಸರು ಬಂಡಾಯಕ್ಕೆ ಬೆಂಬಲ ಕೇಳಿ ಬಂದರು. ರಕ್ತಪಾತವಾದರೆ ಸಾಯೋದು ಸಾಮಾನ್ಯ ಜನ ಅಂತ ಅವರನ್ನು ವಾಪಸ್ ಕಳಿಸಿದರು. ಕೊನೆಗೆ ಅಲ್-ಮುತವಕ್ಕಿಲ್ ಮಿಹ್ನ ನಿಲ್ಲಿಸಿ ಉಡುಗೊರೆ ಕಳಿಸಿದಾಗ ಅದೂ ಬೇಡ ಅಂದರು. ಮಕ್ಕಳು ಅರಮನೆಯ ಹಣ ತಗೊಂಡಿದ್ದಕ್ಕೂ ಮುನಿದರು.

855ರಲ್ಲಿ ತೀರಿಕೊಂಡರು. ದೊರೆಗಳ ಪರ ಮಾತಾಡುವವರು ಅವರ 'ದಂಗೆ ಬೇಡ'ವನ್ನಷ್ಟೇ ನೆನಪಿಸುತ್ತಾರೆ. ಆ ಬೆನ್ನಿನ ಬಾಸುಂಡೆಗಳನ್ನು ಬಿಟ್ಟು ಅದನ್ನು ಓದಿದರೆ ಅರ್ಧ ಮಾತ್ರ ಓದಿದಂತೆ. ಅವರ ಲೆಕ್ಕದಲ್ಲಿ ದೊರೆಗೆ ಸಲ್ಲಬೇಕಾದದ್ದು ಶಾಂತಿ. ನಾಲಿಗೆಯಲ್ಲ, ನಂಬಿಕೆಯಂತೂ ಅಲ್ಲವೇ ಅಲ್ಲ.